ಮಧುಮೇಹಿಗಳ ಕಾಲಿಗೆ ಔಷಧದಾಚೆಗಿನ ಆರೈಕೆ

ಮಧುಮೇಹಿಗಳ ಕಾಲಿನ ತೊಂದರೆ ನರದ್ದೋ ರಕ್ತಸಂಚಾರದ್ದೋ ಎಂಬುದನ್ನು ಮೊದಲು ತಿಳಿಯಬೇಕು, ಏಕೆಂದರೆ ಎರಡರ ಆರೈಕೆಯೂ ಒಂದೇ ಅಲ್ಲ. ರಾತ್ರಿ ಅಂಗಾಲು ಉರಿಯುವುದು, ಜೋಮು ಹಿಡಿಯುವುದು, ಚಪ್ಪಲಿ ಕಳಚಿ ಬಿದ್ದರೂ ಅರಿವಾಗದಿರುವುದು ಸಾಮಾನ್ಯವಾಗಿ ನರದ ಲಕ್ಷಣಗಳು. ನಡೆಯುವಾಗ ಮೀನಖಂಡ ಹಿಡಿದುಕೊಂಡು, ನಿಂತರೆ ಕೆಲವೇ ನಿಮಿಷಗಳಲ್ಲಿ ಇಳಿಯುವ ನೋವು ರಕ್ತಸಂಚಾರದ್ದು. ಎರಡೂ ಕೂಡಿರುವುದು ಅಪರೂಪವಲ್ಲ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ 10 ಗ್ರಾಂ ಒತ್ತಡಕ್ಕೆ ಬಾಗುವ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆಯಿಂದ ಸ್ಪರ್ಶವನ್ನು ಪರೀಕ್ಷಿಸಿಕೊಳ್ಳಬೇಕು ಮತ್ತು ಪಾದದ ನಾಡಿಯನ್ನು ತೋರಿಸಿಕೊಳ್ಳಬೇಕು. ಕಣಕಾಲಿನ ರಕ್ತದೊತ್ತಡವನ್ನು ತೋಳಿನದಕ್ಕೆ ಹೋಲಿಸಿದಾಗ ಅನುಪಾತ 0.9ಕ್ಕಿಂತ ಕಡಿಮೆಯಿದ್ದರೆ ನಾಳ ಕಿರಿದಾಗಿದೆಯೆಂದು ಅರ್ಥ. ಮಧುಮೇಹದಲ್ಲಿ ನಾಳಗಳು ಗಡಸಾಗಿ ಈ ಅಂಕಿ ಸರಿಯಿದ್ದಂತೆ ತೋರುವುದೂ ಉಂಟು. ಆಗ ಕಾಲ್ಬೆರಳಿನ ಒತ್ತಡವನ್ನು ಅಳೆಯುತ್ತಾರೆ.

ರಕ್ತಸಂಚಾರ ಕುಂದಿದವರಿಗೆ ನಡಿಗೆಯೇ ಮುಖ್ಯ ಚಿಕಿತ್ಸೆ. ಹೃದಯದ ಸ್ಥಿತಿಯನ್ನು ವೈದ್ಯರು ನೋಡಿ ಒಪ್ಪಿದ ಮೇಲೆ, ಪಾದದಲ್ಲಿ ಗಾಯವಿಲ್ಲದಿದ್ದರೆ, ಮೀನಖಂಡದ ನೋವು ಮಧ್ಯಮ ಮಟ್ಟಕ್ಕೆ ಬರುವವರೆಗೆ ನಡೆದು, ಅದು ಪೂರ್ತಿ ಇಳಿಯುವವರೆಗೆ ಕುಳಿತು, ಮತ್ತೆ ನಡೆಯಬೇಕು. ಹೀಗೆ 30ರಿಂದ 45 ನಿಮಿಷ, ವಾರಕ್ಕೆ ಕನಿಷ್ಠ 3 ದಿನ, 12 ವಾರಗಳವರೆಗಾದರೂ ಮುಂದುವರಿಸಿದರೆ ನೋವಿಲ್ಲದೆ ನಡೆಯಬಲ್ಲ ದೂರ ಹೆಚ್ಚುತ್ತದೆ. ನೋವು ಶುರುವಾಗುತ್ತಲೇ ನಿಲ್ಲಿಸಿಬಿಡುವುದು ಸಹಜವಾದರೂ, ಅದರಿಂದ ಅಷ್ಟು ಫಲ ಸಿಗದು. ಬೀಡಿ, ಸಿಗರೇಟು ಬಿಡದೆ ಈ ಶ್ರಮಕ್ಕೆ ಬೆಲೆಯಿಲ್ಲವೆಂದೇ ನನ್ನ ಅಭಿಪ್ರಾಯ.

ಸ್ಪರ್ಶಜ್ಞಾನ ಕಳೆದುಕೊಂಡ ಪಾದಕ್ಕೆ ನಡಿಗೆಗಿಂತ ಮೊದಲು ಕಾವಲು ಬೇಕು. ಪ್ರತಿದಿನ ಬೆಳಕಿನಲ್ಲಿ ಕುಳಿತು, ಅಂಗಾಲಿನ ಕೆಳಗೆ ಕನ್ನಡಿ ಹಿಡಿದು, ಬೆರಳ ಸಂದುಗಳನ್ನು ಬಿಡಿಸಿ ನೋಡಬೇಕು. ಚಪ್ಪಲಿಯೊಳಗೆ ಕೈಯಾಡಿಸಿ ಕಲ್ಲು, ಮೊಳೆ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮೆಟ್ಟಬೇಕು. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕೇ ಹೊರತು ಪಾದದಿಂದಲ್ಲ. ಎಣ್ಣೆಯನ್ನು ಹಿಮ್ಮಡಿಗೆ ಸವರಬಹುದು, ಬೆರಳ ಸಂದಿಗೆ ಬೇಡ. ಉರಿಗೆಂದು ಬಿಸಿನೀರಿನ ಚೀಲ ಇಡುವುದು, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು, ಬಿಸಿಲಿಗೆ ಕಾದ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕುವುದು ಅಪಾಯಕರ. ಎಂಸಿಆರ್ ಎಂಬ, ಸೂಕ್ಷ್ಮ ರಂಧ್ರಗಳುಳ್ಳ ಮೃದುವಾದ ರಬ್ಬರ್ ಅಟ್ಟೆಯ ಚಪ್ಪಲಿ ಒತ್ತಡವನ್ನು ಹಂಚುತ್ತದೆ. ಪಾದ ಊದಿರುವ ಸಂಜೆಯ ಹೊತ್ತು ಅಳತೆ ನೋಡಿ ಕೊಳ್ಳುವುದು ಲೇಸು. ಚರ್ಮದ ಮೇಲೆ ಪ್ಯಾಡ್ ಅಂಟಿಸಿ ಸಣ್ಣ ವಿದ್ಯುತ್ ಕೊಡುವ ಟೆನ್ಸ್ ಯಂತ್ರದಿಂದ ಕೆಲವರಿಗೆ ಉರಿ ತಗ್ಗುತ್ತದೆ, ಆದರೆ ಕೆಟ್ಟ ನರ ಅದರಿಂದ ಸರಿಹೋಗುವುದಿಲ್ಲ. ಪೇಸ್‌ಮೇಕರ್ ಇರುವವರು ಅದನ್ನು ವೈದ್ಯರನ್ನು ಕೇಳದೆ ಬಳಸಬಾರದು.

ಒಂದು ಪಾದ ಮಾತ್ರ ಕೆಂಪಾಗಿ, ಬಿಸಿಯಾಗಿ ಊದಿಕೊಂಡರೆ, ನೋವಿಲ್ಲದಿದ್ದರೂ ಸರಿಯೇ, ಅದರ ಮೇಲೆ ಭಾರ ಹಾಕದೆ ಅಂದೇ ಆಸ್ಪತ್ರೆಗೆ ಹೋಗಬೇಕು.