ಉರಿಬಿಸಿಲಲ್ಲೂ ಓಟದ ವೇಗ ಫೋಟೋದಲ್ಲಿ ಬಂತು

ಕ್ಯಾಮೆರಾದ ಶಟರ್ ಸೆಕೆಂಡಿನ 1/1000 ಭಾಗ ಮಾತ್ರ ತೆರೆಯುವಂತೆ ಇಟ್ಟು ತೆಗೆದರೆ ಓಡುವ ಹುಡುಗಿ ನಿಂತಲ್ಲೇ ನಿಂತ ಹಾಗೆ ಕಾಣುತ್ತಾಳೆ. ವೇಗ ಕಾಣಬೇಕಾದರೆ ಶಟರ್ ಇನ್ನೂ ಹೆಚ್ಚು ಹೊತ್ತು ತೆರೆದಿರಬೇಕು, 1/30ರ ಹತ್ತಿರ ಇಳಿಯಲೇಬೇಕು. ಚಿತ್ರದುರ್ಗದ ಒನಕೆ ಓಬವ್ವ ಕ್ರೀಡಾಂಗಣದ ಮಧ್ಯಾಹ್ನದ ಬಿಸಿಲು ಅದಕ್ಕೆ ಬಿಡುತ್ತಿರಲಿಲ್ಲ. ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟವಾದ ಐಎಸ್‌ಒವನ್ನು 100ಕ್ಕೆ ಇಳಿಸಿ, ಅಪರ್ಚರ್ ಅಂದರೆ ಲೆನ್ಸಿನ ಕಿಂಡಿಯನ್ನು ಎಫ್/22ರಷ್ಟು ಕಿರಿದು ಮಾಡಿದರೂ ಬೆಳಕು ಹೆಚ್ಚಾಗಿ ಫೋಟೋದಲ್ಲಿ ಬಿಳಿ ಅಂಗಿಗಳು ಸುಟ್ಟುಹೋಗುತ್ತಿದ್ದವು, ಚಿತ್ರ ಹಿಡಿಯುವ ಸೆನ್ಸರ್ ಮೇಲಿನ ಧೂಳೆಲ್ಲ ಆಕಾಶದಲ್ಲಿ ಚುಕ್ಕಿ ಚುಕ್ಕಿಯಾಗಿ ಕಾಣುತ್ತಿತ್ತು.

ಪರಿಹಾರ ಸಿಕ್ಕಿದ್ದು ಲೆನ್ಸ್ ಮುಂದೆ ಹಾಕುವ ಕಪ್ಪು ಗಾಜಾದ ಎನ್‌ಡಿ8 ಫಿಲ್ಟರ್‌ನಿಂದ. ಅದು ಎಂಟರಲ್ಲಿ ಒಂದು ಪಾಲು ಬೆಳಕನ್ನಷ್ಟೇ ಒಳಗೆ ಬಿಡುತ್ತದೆ. ಈಗ ಕಿಂಡಿಯನ್ನು ಅಷ್ಟು ಕಿರಿದು ಮಾಡದೆ, ಎಫ್/10ರಲ್ಲೇ 1/30 ಸಲೀಸು.

ಉಳಿದದ್ದು ಸೊಂಟದ ಕೆಲಸ. ಟ್ರ್ಯಾಕ್‌ಗೆ ನೇರ ಎದುರಾಗಿ ನಿಂತು, ಓಡಿ ಬರುವ ಮಗು ದೂರದಲ್ಲಿರುವಾಗಲೇ ಅದರ ಎದೆಯ ಮೇಲೆ ಫೋಕಸ್ ಹಿಡಿದು, ಸೊಂಟದಿಂದ ಅದರ ಜೊತೆಗೇ ತಿರುಗಬೇಕು; ಆಗ ಮಗು ಸ್ಪಷ್ಟ, ಹಿನ್ನೆಲೆ ಮಸುಕು. ಕ್ಲಿಕ್ ಆದ ಮೇಲೂ ತಿರುಗುತ್ತಲೇ ಇರಬೇಕು. ಚಿಕ್ಕ ಮಕ್ಕಳು ಪುಟಿಯುತ್ತಾ ಓಡುವುದರಿಂದ ಮುಖ ಮೇಲೆ ಕೆಳಗೆ ಅಲುಗಾಡುತ್ತದೆ. ಅವರಿಗೆ 1/60 ವಾಸಿ. ಕೈಕಾಲು ಮಸುಕಾದರೆ ಚೆಂದ, ಕಣ್ಣು ಮಸುಕಾದರೆ ಆ ಫೋಟೋ ನಾನು ಯಾರಿಗೂ ಕೊಡುವುದಿಲ್ಲ.

ಖೋ ಖೋಗೆ ಈ ಉಪಾಯ ನಡೆಯಲ್ಲ, ಓಡುವವರು ಯಾವ ಕಡೆ ಹೊರಳುತ್ತಾರೋ ಗೊತ್ತಾಗದು. ಅಲ್ಲಿ ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ಅಲುಗದಂತೆ ಇಟ್ಟು 1/15 ಮಾಡುತ್ತೇನೆ. ಸಾಲಾಗಿ ಕೂತ ಎಂಟು ಮಕ್ಕಳ ಮುಖ, ನೆಲಕ್ಕೂರಿದ ಬೆರಳು ಸ್ಪಷ್ಟ. ಅಟ್ಟಿಸಿಕೊಂಡು ಹೋಗುವವಳು ಮಾತ್ರ ಬಣ್ಣದ ಗೆರೆ.