ಒಂದೇ ಆಬ್ಜೆಕ್ಟಿಗೆ ಹಲವು ಹಿಡಿತ: ಹಂಚಿಕೆಯನ್ನು ಟೈಪಿನಲ್ಲೇ ಬರೆಯುವುದು ಹೇಗೆ

ಅಂಕಪಟ್ಟಿ ಎಂಬ ಕ್ಲಾಸ್ ಇದೆ ಎಂದುಕೊಳ್ಳಿ. ಅದರ ಕನ್‌ಸ್ಟ್ರಕ್ಟರ್ ಅಂಕಗಳ ಲಿಸ್ಟ್ ಒಂದನ್ನು ಪಡೆದು ಫೀಲ್ಡಿನಲ್ಲಿ ಇಟ್ಟುಕೊಳ್ಳುತ್ತದೆ, ಮೊತ್ತವನ್ನೂ ಆಗಲೇ ಕೂಡಿ ಇನ್ನೊಂದು ಫೀಲ್ಡಿನಲ್ಲಿ ಇಡುತ್ತದೆ. 70, 82, 91 ಕೊಟ್ಟರೆ ಮೊತ್ತ 243. ಲಿಸ್ಟ್ ಕೊಟ್ಟವರ ಕೈಯಲ್ಲಿ ಅದೇ ಲಿಸ್ಟಿನ ರೆಫರೆನ್ಸ್, ಅಂದರೆ ಅದನ್ನು ತೋರಿಸುವ ಕೊಂಡಿ, ಇನ್ನೂ ಇದೆ. ಅವರು ಮೊದಲ ಅಂಕವನ್ನು 35 ಮಾಡಿದರು. ಈಗ ಲಿಸ್ಟನ್ನು ಕೂಡಿದರೆ 208, ಮೊತ್ತದ ಫೀಲ್ಡ್ ಮಾತ್ರ 243 ಎಂದೇ ಹೇಳುತ್ತಿದೆ. ಫೀಲ್ಡನ್ನು ಪ್ರೈವೇಟ್ ಮಾಡಿದ್ದರೂ ಇದು ತಪ್ಪುವುದಿಲ್ಲ. ಪ್ರೈವೇಟ್ ಕಾಯುವುದು ಫೀಲ್ಡಿನ ಹೆಸರನ್ನು. ಆ ಹೆಸರು ತೋರಿಸುವ ಆಬ್ಜೆಕ್ಟಿಗೆ ಕಾವಲಿಲ್ಲ.

ಜಾವಾ 1.1ರಲ್ಲಿ ಇದೇ ದೋಷ ಭದ್ರತೆಯ ಕಿಂಡಿಯಾಗಿತ್ತು. ಕ್ಲಾಸಿಗೆ ಸಹಿ ಹಾಕಿದವರ ಪಟ್ಟಿ ಕೊಡುವ ಗೆಟ್‌ಸೈನರ್ಸ್ ಮೆಥಡ್ ಒಳಗಿನ ಅರೇಯನ್ನೇ ಹೊರಗೆ ಕೊಡುತ್ತಿತ್ತು. ನಂಬಿಕೆಯಿಲ್ಲದ ಆಪ್ಲೆಟ್ (ವೆಬ್ ಪುಟದೊಳಗೆ ಓಡುತ್ತಿದ್ದ ಪುಟ್ಟ ಜಾವಾ ಪ್ರೋಗ್ರಾಂ) ಆ ಅರೇಯಲ್ಲಿ ನಂಬಿಕಸ್ತರ ಸಹಿ ತುಂಬಿಸಿಬಿಡಬಹುದಿತ್ತು.

ಹಲವರು ಹಿಡಿದಿರುವುದು, ಬದಲಾಗುವುದು: ಈ ಎರಡರಲ್ಲಿ ಒಂದನ್ನು ಬಿಟ್ಟುಕೊಟ್ಟರೆ ತೊಂದರೆ ನಿಲ್ಲುತ್ತದೆ. ಯಾವುದನ್ನು ಬಿಟ್ಟಿದ್ದೀರಿ ಎಂಬುದನ್ನು ಕಾಮೆಂಟಿನಲ್ಲಿ ಬರೆದರೆ ಯಾರೂ ಪರೀಕ್ಷಿಸುವುದಿಲ್ಲ. ಟೈಪಿನಲ್ಲಿ ಬರೆದರೆ ಕಂಪೈಲರ್ ಪ್ರತಿ ಸಲವೂ ಪರೀಕ್ಷಿಸುತ್ತದೆ.

ಮೊದಲು ಸೋರುವ ಜಾಗ ಹುಡುಕಿ

ರೆಫರೆನ್ಸ್ ಸೋರುವುದು ಸಾಮಾನ್ಯವಾಗಿ ಮೂರು ಕಡೆ: ಕನ್‌ಸ್ಟ್ರಕ್ಟರ್ ಮತ್ತು ಸೆಟರ್ ಒಳಗೆ ತೆಗೆದುಕೊಳ್ಳುವಾಗ, ಗೆಟರ್ ಹೊರಗೆ ಕೊಡುವಾಗ, ಲ್ಯಾಂಬ್ಡಾ ಅಥವಾ ಲಿಸನರ್ ತನ್ನೊಳಗೆ ಹಿಡಿದಿಟ್ಟುಕೊಳ್ಳುವಾಗ. ಪ್ರತಿ ಜಾಗಕ್ಕೂ ಒಂದು ಟೆಸ್ಟ್ ಬರೆಯಿರಿ. ಲಿಸ್ಟ್ ಕೊಡಿ, ಹೊರಗಿನಿಂದ ಅದನ್ನು ಬದಲಿಸಿ, ಮೊತ್ತ ಇನ್ನೂ ಹೊಂದುತ್ತದೆಯೇ ನೋಡಿ. ಗೆಟರಿನಿಂದ ಬಂದ ಲಿಸ್ಟಿಗೂ ಹೀಗೇ ಮಾಡಿ.

ಜಾವಾದಲ್ಲಿ ಮಾಡುವುದು

ಕನ್‌ಸ್ಟ್ರಕ್ಟರಿನಲ್ಲಿ ಲಿಸ್ಟ್.ಕಾಪಿಆಫ್ ಬಳಸಿ, ಇದು ಜಾವಾ 10ರಿಂದ ಇದೆ. ಮೊದಲು ಕಾಪಿ ಮಾಡಿ, ಆಮೇಲೆ ಕಾಪಿಯನ್ನು ಪರೀಕ್ಷಿಸಿ. ಮೂಲವನ್ನು ಪರೀಕ್ಷಿಸಿ ನಂತರ ಕಾಪಿ ಮಾಡಿದರೆ, ಆ ನಡುವಿನ ಕ್ಷಣದಲ್ಲಿ ಇನ್ನೊಂದು ಥ್ರೆಡ್ ಮೂಲವನ್ನು ಬದಲಿಸಬಹುದು. ಲಿಸ್ಟಿನಲ್ಲಿ ನಲ್ ಇದ್ದರೆ ಕಾಪಿಆಫ್ ನಲ್‌ಪಾಯಿಂಟರ್ ಎಕ್ಸೆಪ್ಶನ್ ಎಸೆಯುತ್ತದೆ ಎಂಬುದೂ ನೆನಪಿರಲಿ.

ಇದರ ಬದಲು ಕಲೆಕ್ಷನ್ಸ್.ಅನ್‌ಮಾಡಿಫೈಯಬಲ್‌ಲಿಸ್ಟ್ ಹಾಕಿದರೆ ಕೆಲಸ ಆಗುವುದಿಲ್ಲ. ಬಹಳ ಜನ ಎಡವುವುದು ಇಲ್ಲೇ. ಅದು ಮೂಲ ಲಿಸ್ಟಿಗೆ ಹಾಕಿದ ಗಾಜಿನ ಕಿಟಕಿ. ಕಿಟಕಿಯ ಈಚೆಯಿಂದ ಮುಟ್ಟಲಾಗದು, ಆಚೆ ಇರುವವರು ಬದಲಿಸಿದ್ದೆಲ್ಲ ಈಚೆಗೂ ಕಾಣುತ್ತದೆ. ‘ನಾನು ಬದಲಿಸುವುದಿಲ್ಲ’ ಎನ್ನುವುದು ರೀಡ್‌ಓನ್ಲಿ ರೆಫರೆನ್ಸ್. ‘ಯಾರೂ ಬದಲಿಸುವುದಿಲ್ಲ’ ಎನ್ನುವುದು ಇಮ್ಯೂಟಬಲ್ ಆಬ್ಜೆಕ್ಟ್. ಸಿ++ನ ಕಾನ್ಸ್ಟ್ ರೆಫರೆನ್ಸ್ ಕೂಡ ಮೊದಲನೆಯದನ್ನಷ್ಟೇ ಹೇಳುತ್ತದೆ. ಥ್ರೆಡ್‌ಗಳ ನಡುವೆ ಲಾಕ್ ಇಲ್ಲದೆ ಹಂಚಲು ಎರಡನೆಯದೇ ಬೇಕು.

ಕಾಪಿಆಫ್ ಮೇಲುಪದರವನ್ನಷ್ಟೇ ಕಾಪಿ ಮಾಡುತ್ತದೆ. ಒಳಗಿರುವುದು ಇಂಟಿಜರ್ ಆದರೆ ಚಿಂತೆಯಿಲ್ಲ. ಬದಲಾಗುವ ಆಬ್ಜೆಕ್ಟುಗಳಿದ್ದರೆ ಅವನ್ನೂ ಒಂದೊಂದಾಗಿ ಕಾಪಿ ಮಾಡಬೇಕು, ಇಲ್ಲವೇ ಅವುಗಳ ಕ್ಲಾಸನ್ನೇ ಇಮ್ಯೂಟಬಲ್ ಮಾಡಬೇಕು.

ರಸ್ಟಿನಲ್ಲಿ ಅದೇ ಕ್ಲಾಸ್

ಇಲ್ಲಿ ಕಾಪಿ ಬೇಕಿಲ್ಲ. ಕನ್‌ಸ್ಟ್ರಕ್ಟರ್ ವೆಕ್ಟರನ್ನು ರೆಫರೆನ್ಸ್ ಆಗಿ ಪಡೆಯದೆ ನೇರವಾಗಿ ಪಡೆಯಲಿ. ಆಗ ಒಡೆತನವೇ ಕೈ ಬದಲಾಗುತ್ತದೆ. ಕೊಟ್ಟವರು ಮತ್ತೆ ಅದನ್ನು ಬಳಸಲು ಹೋದರೆ ಕಂಪೈಲರಿನಿಂದ ಇ0382 ಎಂಬ ಸಂಖ್ಯೆಯ ದೋಷ ಬರುತ್ತದೆ. ಗೆಟರ್ ಸ್ಲೈಸಿನ ಸಾಲ ಕೊಡಲಿ, ಅಂದರೆ ಒಡೆತನ ಬಿಡದೆ ಅಂಕಗಳನ್ನು ಓದಲು ಮಾತ್ರ ಕೊಡುವ ರೆಫರೆನ್ಸ್. ಆ ಸಾಲ ಬಳಕೆಯಲ್ಲಿರುವಷ್ಟು ಹೊತ್ತು ಪಟ್ಟಿಗೆ ಅಂಕ ಸೇರಿಸಲು ಹೋದರೆ ಇ0502.

ಈ ಇ0502 ಬಂದಾಗ ಸಿಟ್ಟಾಗುವ ಮುಂಚೆ ಕಾರಣ ನೋಡಿ. ವೆಕ್ಟರ್ ತುಂಬಿದ್ದಾಗ ಇನ್ನೊಂದು ಅಂಶ ಸೇರಿಸಿದರೆ ಅದು ದೊಡ್ಡ ಜಾಗಕ್ಕೆ ಸ್ಥಳಾಂತರವಾಗಬಹುದು. ಹಳೆಯ ಜಾಗವನ್ನು ತೋರಿಸುತ್ತಿದ್ದ ರೆಫರೆನ್ಸ್ ಆಗ ಗಾಳಿಯಲ್ಲಿ ತೂಗುತ್ತದೆ. ಸಿ++ನಲ್ಲಿ ಇದೇ ಕೋಡ್ ಸದ್ದಿಲ್ಲದೆ ಕಂಪೈಲ್ ಆಗುತ್ತದೆ. ಸರಿಪಡಿಸಲು ಮೊದಲು ಓದುವುದನ್ನು ಮುಗಿಸಿ, ಬೇಕಾದ ಸಂಖ್ಯೆಯನ್ನು ಬೇರೆ ವೇರಿಯಬಲ್‌ಗೆ ಹಾಕಿಕೊಂಡು, ಆಮೇಲೆ ಸೇರಿಸಿ.

ಕಂಪೈಲರಿನ ಬಾಯಿ ಮುಚ್ಚಿಸಲು ಕಂಡಲ್ಲೆಲ್ಲ ಕ್ಲೋನ್ ಹಾಕಬೇಡಿ. ವೆಕ್ಟರಿನ ಕ್ಲೋನ್ ಎಂದರೆ ಬೇರೆಯದೇ ವೆಕ್ಟರ್. ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ತಲುಪುವುದಿಲ್ಲ. ಆರ್‌ಸಿ ಎಂದರೆ ಎಷ್ಟು ಜನ ಹಿಡಿದಿದ್ದಾರೆಂದು ಎಣಿಸುವ ಹಂಚಿಕೆಯ ರೆಫರೆನ್ಸ್; ಅದನ್ನು ಕ್ಲೋನ್ ಮಾಡಿದರೆ ಆಬ್ಜೆಕ್ಟ್ ಒಂದೇ ಉಳಿಯುತ್ತದೆ, ಎಣಿಕೆ ಮಾತ್ರ ಒಂದು ಹೆಚ್ಚುತ್ತದೆ. ಹಂಚಿಕೆಯೂ ಬದಲಾವಣೆಯೂ ನಿಜಕ್ಕೂ ಬೇಕಾದಲ್ಲಿ ರೆಫ್‌ಸೆಲ್ ಇದೆ. ಅಲ್ಲಿ ಸಾಲದ ಪರೀಕ್ಷೆ ರನ್‌ಟೈಮಿಗೆ ಹೋಗುತ್ತದೆ, ಒಂದು ಸಾಲ ಇರುವಾಗಲೇ ಬದಲಿಸುವ ಸಾಲ ಕೇಳಿ ನಿಯಮ ಮುರಿದರೆ ಪ್ಯಾನಿಕ್, ಅಂದರೆ ಪ್ರೋಗ್ರಾಂ ಅಲ್ಲೇ ದೋಷ ಎಸೆಯುತ್ತದೆ. ಹಾಗಾಗಿ ರೆಫ್‌ಸೆಲ್ ಸಾಲವನ್ನು ಕೈಯಲ್ಲಿಟ್ಟುಕೊಂಡು ಕಾಲ್‌ಬ್ಯಾಕ್ ಕರೆಯಬೇಡಿ. ಕಾಲ್‌ಬ್ಯಾಕ್ ಅದೇ ಆಬ್ಜೆಕ್ಟಿಗೆ ಮರಳಿ ಬಂದು ಸಾಲ ಕೇಳಬಹುದು.

ಇಟರೇಟರ್ ಎಂಬ ಕಗ್ಗಂಟು

1998ರಲ್ಲಿ ಕ್ಲಾರ್ಕ್, ಪಾಟರ್ ಮತ್ತು ನೋಬಲ್ ಓನರ್‌ಶಿಪ್ ಟೈಪ್‌ಗಳನ್ನು ಮುಂದಿಟ್ಟರು. ಪ್ರತಿ ಆಬ್ಜೆಕ್ಟಿಗೂ ಒಬ್ಬ ಒಡೆಯ. ಹೊರಗಿನಿಂದ ಒಳಗಿನ ಆಬ್ಜೆಕ್ಟಿಗೆ ಹೋಗುವ ದಾರಿಗಳೆಲ್ಲ ಆ ಒಡೆಯನ ಮೂಲಕವೇ ಹೋಗಬೇಕು. ನಿಯಮ ಚೊಕ್ಕವಾಗಿದೆ, ಆದರೆ ಲಿಸ್ಟಿನ ಅಂಶಗಳನ್ನು ಒಂದೊಂದಾಗಿ ಕೊಡುವ ಇಟರೇಟರ್ ಅದಕ್ಕೆ ಒಗ್ಗುವುದಿಲ್ಲ: ಅದು ಹೊರಗಿದ್ದುಕೊಂಡೇ ಲಿಂಕ್ಡ್ ಲಿಸ್ಟಿನ ಒಳಗಿನ ನೋಡ್ ಹಿಡಿಯಬೇಕು. ಯೂನಿವರ್ಸ್ ಟೈಪ್‌ಗಳು ಎಂಬ ಇನ್ನೊಂದು ಪದ್ಧತಿ ಇದನ್ನು ಸಡಿಲಿಸಿತು: ಯಾರು ಬೇಕಾದರೂ ನೋಡಬಹುದು, ಬದಲಿಸುವುದು ಒಡೆಯನ ಮೂಲಕ ಮಾತ್ರ. ಟೈಪುಗಳ ನೆರವಿಲ್ಲದ ಭಾಷೆಯಲ್ಲೂ ಇಟರೇಟರ್ ಬರೆಯುವಾಗ ಈ ಸಡಿಲ ನಿಯಮ ಪಾಲಿಸಿ; ತೆಗೆದುಹಾಕುವ ಮೆಥಡ್ ಒಡೆಯನ ಬಳಿಯೇ ಇರಲಿ.

ಹಿಂದಕ್ಕೂ ತೋರಿಸುವ ರಚನೆಗಳು

ಮಗು ನೋಡಿನಿಂದ ತಾಯಿ ನೋಡಿಗೆ ಕೊಂಡಿ ಬೇಕಾದಾಗ ಎರಡೂ ಕಡೆ ಆರ್‌ಸಿ ಹಾಕಿದರೆ ಎಣಿಕೆ ಎಂದೂ ಸೊನ್ನೆಗೆ ಇಳಿಯುವುದಿಲ್ಲ, ಮೆಮೊರಿ ಸೋರುತ್ತದೆ. ಮೇಲ್ಮುಖದ ಕೊಂಡಿಯನ್ನು ವೀಕ್ ಮಾಡಿ, ಅದು ಆಬ್ಜೆಕ್ಟನ್ನು ಉಳಿಸುವ ಎಣಿಕೆಗೆ ಸೇರುವುದಿಲ್ಲ.

ಇನ್ನೊಂದು ದಾರಿ, ನೋಡುಗಳನ್ನೆಲ್ಲ ಒಂದೇ ವೆಕ್ಟರಿನಲ್ಲಿಟ್ಟು ಕೊಂಡಿಯ ಬದಲು ಇಂಡೆಕ್ಸ್ ಬಳಸುವುದು. ಕಂಪೈಲರ್ ತಕ್ಷಣ ಒಪ್ಪುತ್ತದೆ. ಆದರೆ ಇಂಡೆಕ್ಸ್ ಕೂಡ ಒಂದು ಅಲಿಯಾಸೇ (ಒಂದೇ ಆಬ್ಜೆಕ್ಟಿಗೆ ಇರುವ ಇನ್ನೊಂದು ಹಿಡಿತ), ಕಂಪೈಲರಿಗೆ ಕಾಣದ ಅಲಿಯಾಸ್. 7ನೇ ಜಾಗದ ನೋಡ್ ತೆಗೆದು ಅಲ್ಲಿ ಹೊಸದನ್ನು ಇಟ್ಟರೆ, 7 ಎಂದು ಬರೆದಿಟ್ಟುಕೊಂಡವರಿಗೆಲ್ಲ ಬೇರೆಯದೇ ನೋಡ್ ಸಿಗುತ್ತದೆ, ಯಾವ ದೋಷವೂ ಬರುವುದಿಲ್ಲ. ಆದ್ದರಿಂದ ಪ್ರತಿ ಜಾಗಕ್ಕೂ ಒಂದು ತಲೆಮಾರು ಸಂಖ್ಯೆ ಇಡಿ; ನೋಡ್ ತೆಗೆದಾಗಲೆಲ್ಲ ಅದನ್ನು ಒಂದು ಹೆಚ್ಚಿಸಿ. ಹೊರಗೆ ಕೊಡುವುದು ಇಂಡೆಕ್ಸ್ ಮತ್ತು ತಲೆಮಾರು ಎರಡೂ ಸೇರಿದ ಪ್ರತ್ಯೇಕ ಟೈಪ್ ಆಗಿರಲಿ, ಬರೀ ಪೂರ್ಣಾಂಕ ಬೇಡ. ಹುಡುಕುವಾಗ ತಲೆಮಾರು ತಾಳೆಯಾಗದಿದ್ದರೆ ನನ್ (‘ಏನೂ ಇಲ್ಲ’ ಎನ್ನುವ ರಸ್ಟಿನ ಮೌಲ್ಯ) ಹಿಂದಿರುಗಿಸಿ.