‘ಟೇಕ್’ ಕಲಿಸೋಕೆ ‘ಹಿಡಿ’ ಬೇಕಾಯಿತು

ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಸಂಜೆ ಹೊತ್ತು ಇಂಗ್ಲಿಷ್ ಮಾತಾಡೋದು ಹೇಳಿಕೊಡುತ್ತೇನೆ. ಒಂದು ದಿನ ಒಬ್ಬ ಹುಡುಗಿ ಹೊಸ ಮೊಬೈಲ್ ತೋರಿಸಿ, ‘ಮಿಸ್, ಐ ಟುಕ್ ದಿಸ್ ಫ್ರಮ್ ದ ಶಾಪ್’ ಅಂದಳು. ‘ಅಂಗಡೀಲಿ ತಗೊಂಡೆ’ ಅನ್ನೋದು ಅವಳ ಮನಸ್ಸಿನಲ್ಲಿದ್ದ ಮಾತು. ಕ್ಲಾಸಿನಲ್ಲಿ ಎಲ್ಲರಿಗೂ ಅರ್ಥವಾಯಿತು. ಆದರೆ ಆ ಇಂಗ್ಲಿಷಿನಲ್ಲಿ ದುಡ್ಡು ಕೊಟ್ಟ ಸುದ್ದಿಯೇ ಇಲ್ಲ. ಅಲ್ಲಿ ‘ಬಾಟ್’ ಬೇಕು.

ತಪ್ಪು ಅವಳದಲ್ಲ. ‘ಟೇಕ್ ಅಂದ್ರೆ ತಗೊಳ್ಳೋದು’ ಅಂತ ಬೋರ್ಡಿನ ಮೇಲೆ ಬರೆದವಳು ನಾನೇ. ನಮ್ಮ ‘ತಗೊ’ ಕೊಳ್ಳೋದನ್ನೂ ಹೇಳುತ್ತದೆ, ‘ಟೇಕ್’ ಹೇಳೋದಿಲ್ಲ.

ಆಮೇಲೆ ಪದದ ಮೂಲ ಹುಡುಕಿದೆ. ‘ಟೇಕ್’ ಇಂಗ್ಲಿಷಿನ ಸ್ವಂತ ಪದವೇ ಅಲ್ಲ. 9ನೇ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರ ಮತ್ತು ಪೂರ್ವ ಭಾಗದಲ್ಲಿ ನೆಲೆಸಿದ ವೈಕಿಂಗರ, ಅಂದರೆ ಸ್ಕ್ಯಾಂಡಿನೇವಿಯಾದಿಂದ ಹಡಗಿನಲ್ಲಿ ಬಂದವರ, ನಾರ್ಸ್ ಭಾಷೆಯ ‘ಟಾಕಾ’ ಅದು. ಹಿಡಿಯೋದು ಅಂತ ಅರ್ಥ. ಅದಕ್ಕೂ ಮುಂಚೆ ಇಂಗ್ಲಿಷಿನಲ್ಲಿ ಇದೇ ಅರ್ಥಕ್ಕೆ ಇದ್ದ ಪದ ‘ನಿಮನ್’. ಜರ್ಮನ್ನಿನ ‘ನೇಮನ್’ ಅದರ ಬಳಗದ್ದೇ. ‘ಟೇಕ್’ ಬಂದು ‘ನಿಮನ್’ ಮೂಲೆಗೆ ಸರಿಯಿತು, ಆದರೂ ಒಂದು ಚೂರು ಉಳಿದಿದೆ: ‘ನಂಬ್’. ‘ನಂಬ್’ ಅಂದರೆ ಮರಗಟ್ಟಿದ್ದು; ಮರಗಟ್ಟಿದ ಕೈ ಅಂದರೆ ಏನೋ ಬಂದು ಹಿಡಿದುಕೊಂಡಿರೋ ಕೈ. ನಾವೂ ‘ಜೋಮು ಹಿಡಿದಿದೆ’ ಅಂತೀವಿ, ಅಲ್ವಾ? ಇದನ್ನು ಓದಿದಾಗ ನನಗೆ ತುಂಬಾ ಖುಷಿಯಾಯಿತು.

ಮರುದಿನ ಬೋರ್ಡಿನ ಮೇಲೆ ‘ಹಿಡಿ’ ಅಂತ ಬರೆದು, ಮನೇಲಿ ಹೇಗೆಲ್ಲಾ ಬಳಸ್ತೀರಿ ಅಂತ ಕೇಳಿದೆ. ಬಸ್ ಹಿಡಿದೆ. ಎಡಗಡೆ ದಾರಿ ಹಿಡಿ. ಹೋಗೋಕೆ ಎರಡು ಗಂಟೆ ಹಿಡಿಯುತ್ತೆ. ಮೂರಕ್ಕೂ ಇಂಗ್ಲಿಷಿನಲ್ಲಿ ‘ಟೇಕ್’ ಸಾಕು! ‘ತಗೊ’ ಜೊತೆ ಜಾಸ್ತಿ ಒದ್ದಾಡಿಸಿದ್ದೇ ಆ ಮೂರನೇದು. ‘ಇಟ್ ಟೇಕ್ಸ್ ಟೂ ಅವರ್ಸ್’ ಅನ್ನೋದನ್ನು ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಿದ್ದರು.

ಎಲ್ಲಾ ಕಡೆ ಇದು ಹೊಂದೋದಿಲ್ಲ. ಮೀನು ಹಿಡಿಯೋದು ‘ಕ್ಯಾಚ್’. ಮಾತ್ರೆಗೆ ‘ತಗೊ’ನೇ ಸರಿ. ಹಾಗಾಗಿ ಈಗ ಎರಡನ್ನೂ ಅಕ್ಕಪಕ್ಕ ಬರೆದು, ವಾಕ್ಯಗಳನ್ನು ಮಕ್ಕಳಿಂದಲೇ ಹೇಳಿಸುತ್ತೇನೆ.

ಮೊನ್ನೆ ಆ ಹುಡುಗಿ ತಡವಾಗಿ ಬಂದಳು. ‘ಸಾರಿ ಮಿಸ್, ದ ಬಸ್ ಟುಕ್ ಒನ್ ಅವರ್’ ಅಂದು ಕೂತಳು. ಎಲ್ಲೂ ತಡವರಿಸಲಿಲ್ಲ.